ಕಳುಹಿಸದೆ ಉಳಿದ ಭಾವಚಿತ್ರ

ಬೆಂಗಳೂರಿನ ನಾಗಸಂದ್ರದಲ್ಲಿ ಮೆಟ್ರೋ ರೈಲನ್ನೇರಿ, ಮೆಜೆಸ್ಟಿಕ್‌ನಲ್ಲಿ ಇಳಿದು, ಅಲ್ಲಿಂದ ನೇರಳೆ ಮಾರ್ಗದ ರೈಲಿನಲ್ಲಿ ಪಶ್ಚಿಮಕ್ಕೆ ಹೊರಟರೆ, ಮಾಗಡಿ ರಸ್ತೆಯ ನಿಲ್ದಾಣ ಕಳೆದೊಡನೆ ಹೊಸಹಳ್ಳಿ ಎಂಬ ಹೆಸರು ಕೇಳಿಬರುತ್ತದೆ. ಅದರ ಮುಂದಿನ ನಿಲ್ದಾಣವೇ ವಿಜಯನಗರ. ಬೆಂಗಳೂರಿನ ಎರಡು ಬಡಾವಣೆಗಳ ಹೆಸರು ಅವು, ಅದರಲ್ಲಿ ವಿಶೇಷವೇನಿಲ್ಲ. ಆದರೆ ಒಂದರ ಹಿಂದೊಂದಾಗಿ ಆ ಎರಡು ಹೆಸರುಗಳು ಕಿವಿಗೆ ಬಿದ್ದಾಗಲೆಲ್ಲ ನನ್ನ ಎದೆಯೊಳಗೆ ಹಳೆಯದೊಂದು ಮುಳ್ಳು ಮಿಸುಕಾಡುತ್ತದೆ. ಸುತ್ತಲಿನ ತರುಣರು ತಮ್ಮ ತಮ್ಮ ಮೊಬೈಲುಗಳಲ್ಲಿ ಮುಳುಗಿರುತ್ತಾರೆ. ಈ ಮುದುಕ ಏತಕ್ಕೆ ಬೆಚ್ಚಿದನೆಂದು ಕೇಳುವವರು ಯಾರೂ ಇರುವುದಿಲ್ಲ.

ಕಳೆದ ಶ್ರಾವಣದಲ್ಲಿ ನನ್ನ ಮೊಮ್ಮಗಳು ಕೇಳಿದಳು. ನನ್ನ ಪುಸ್ತಕಗಳ ಧೂಳು ಕೊಡವುತ್ತಿದ್ದಾಗ ಕೇಶಿರಾಜನ 'ಶಬ್ದಮಣಿದರ್ಪಣ'ದ ನಡುವಿನಿಂದ ಎರಡು ಕಪ್ಪು ಬಿಳುಪು ಚಿತ್ರಗಳು ಜಾರಿ ನೆಲಕ್ಕೆ ಬಿದ್ದವು. ಎರಡೂ ಒಂದೇ ಚಿತ್ರದ ಪ್ರತಿಗಳು. ಹಂಪೆಯ ಕಲ್ಲಿನ ರಥದ ಮುಂದೆ ನಿಂತ ಒಬ್ಬ ಅಜ್ಜ, ಒಬ್ಬ ಅಜ್ಜಿ.

"ತಾತ, ಇವರು ನಿಮ್ಮ ಅಪ್ಪ ಅಮ್ಮನಾ?"

"ಅಲ್ಲ ಮಗಳೇ."

"ಮತ್ತೆ ಯಾರು?"

"ನಾನು ಸಾಲಗಾರನಾಗಿರುವವರು" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಅಂದು ಅವಳಿಗೆ ಹೇಳಿದ ಕಥೆಯನ್ನೇ ಇಂದು ಈ ಪತ್ರಿಕೆಯ ಓದುಗರ ಮುಂದಿಡುತ್ತಿದ್ದೇನೆ. ಹೇಳಿಕೊಳ್ಳುವುದರಿಂದ ಸಾಲ ತೀರದು. ಆದರೆ ಬಚ್ಚಿಟ್ಟುಕೊಂಡರೆ ಬೆಳೆಯುತ್ತದೆ.

ನಾನು ಮಠದಲ್ಲಿ ಬೆಳೆದವನು. ಒಂಬತ್ತನೆಯ ವಯಸ್ಸಿನಿಂದ ಮಠದ ಪ್ರಸಾದ ನಿಲಯದಲ್ಲಿ ಉಂಡು, ಅಲ್ಲಿನ ಪಾಠಶಾಲೆಯಲ್ಲಿ ವ್ಯಾಕರಣ, ಕಾವ್ಯ, ವಚನಶಾಸ್ತ್ರಗಳನ್ನು ಓದಿದವನು. ಇಪ್ಪತ್ತೊಂದನೆಯ ವರ್ಷಕ್ಕೆ ನನ್ನ ವಿದ್ಯಾಭ್ಯಾಸ ಮುಗಿಯಿತು. ಅದೇ ವರ್ಷ, 1981ರಲ್ಲಿ, ತಂದೆಯವರು ಲಿಂಗೈಕ್ಯರಾದರು. ಮನೆಯಲ್ಲಿ ತಾಯಿ, ಮದುವೆಗೆ ಬಂದ ತಂಗಿ ಮತ್ತು ಬಡ್ಡಿಯ ಸಾಲ. ಪಂಡಿತನ ನೌಕರಿ ಅರ್ಜಿ ಹಾಕಿದ ಮರುದಿನವೇ ಬರುವಂಥದ್ದಲ್ಲ. ಆಗ ಹಂಪೆಯಲ್ಲಿ ಯಾತ್ರಿಕರ ಫೋಟೋ ತೆಗೆಯುತ್ತಿದ್ದ ನಮ್ಮೂರ ಕಡೆಯ ಹಿರಿಯರೊಬ್ಬರು, ಅಕ್ಷರ ಬಲ್ಲ ಹುಡುಗನೊಬ್ಬ ಬೇಕೆಂದು ಹೇಳಿಕಳುಹಿಸಿದರು. ಹೋಗಲೋ ಬೇಡವೋ ಎಂದು ಮಠದ ಪೂಜ್ಯರಲ್ಲಿ ವಿನಂತಿಸಿಕೊಂಡಾಗ ಅವರು ನಕ್ಕು, ಕಾಯಕದಲ್ಲಿ ಮೇಲು ಕೀಳೆಂಬುದಿಲ್ಲ, ಆದರೆ ಮಾಡಿದ ಕಾಯಕ ಅರ್ಧಕ್ಕೆ ನಿಲ್ಲಬಾರದು ಎಂದು ಹರಸಿ ಕಳುಹಿಸಿದರು. ಅವರ ಮಾತಿನ ಮೊದಲ ಅರ್ಧ ನನಗೆ ಅಂದೇ ತಿಳಿಯಿತು. ಎರಡನೆಯ ಅರ್ಧ ತಿಳಿಯಲು ತಪ್ಪೊಂದು ನಡೆಯಬೇಕಾಯಿತು.

ಹರಿಹರ ರಾಘವಾಂಕರು ಬಾಳಿದ ಹಂಪೆಯನ್ನು ನಾನು ಪುಸ್ತಕಗಳಲ್ಲಿ ಓದಿ ಬಲ್ಲವನಾಗಿದ್ದೆ. ಕಣ್ಣಾರೆ ಕಂಡ ಹಂಪೆ ಬೇರೆಯಾಗಿತ್ತು. ವಿರೂಪಾಕ್ಷನ ಗುಡಿಯ ಮುಂದಿನ ರಥಬೀದಿಯ ಎರಡೂ ಬದಿಯ ಸಾಲುಮಂಟಪಗಳಲ್ಲಿ ಆಗ ಅಂಗಡಿಗಳಿದ್ದವು, ಸಂಸಾರಗಳಿದ್ದವು. ಅಂಥದೊಂದು ಮಂಟಪದ ಎರಡು ಕಂಬಗಳ ನಡುವೆ ನಮ್ಮ ಮಾಸ್ತರರ ಅಂಗಡಿ. ಎಲ್ಲರೂ ಅವರನ್ನು ಫೋಟೋ ಮಾಸ್ತರರೆಂದೇ ಕರೆಯುತ್ತಿದ್ದುದರಿಂದ ನಾನೂ ಹಾಗೆಯೇ ಕರೆದೆ. ಅವರು ನನ್ನನ್ನು ಅರ್ಧ ಗೌರವದಿಂದ, ಅರ್ಧ ತಮಾಷೆಯಿಂದ 'ಶಾಸ್ತ್ರಿಗಳೇ' ಎನ್ನುತ್ತಿದ್ದರು.

ಮೊದಲ ದಿನ ಅವರು ನನ್ನ ಕೈಗೆ ಕ್ಯಾಮೆರಾ ಕೊಡಲಿಲ್ಲ. ಗುಡಿಯೊಳಗೆ ಕರೆದುಕೊಂಡು ಹೋಗಿ, ಗರ್ಭಗುಡಿಯ ಹಿಂಬದಿಯ ಒಂದು ಕತ್ತಲು ಕೋಣೆಯಲ್ಲಿ ನಿಲ್ಲಿಸಿದರು. ಎದುರಿನ ಗೋಡೆಯ ಮೇಲೆ ಒಂದು ಗೋಪುರ, ತಲೆಕೆಳಗಾಗಿ! ಒಂಬತ್ತು ಅಂತಸ್ತಿನ, ಸುಮಾರು 50 ಮೀಟರ್ ಎತ್ತರದ ಪೂರ್ವದ ಮಹಾಗೋಪುರ ಆ ಗೋಡೆಯ ಮೇಲೆ ಬಾವಲಿಯಂತೆ ತೂಗಾಡುತ್ತಿತ್ತು. ಬಂದ ಯಾತ್ರಿಕರು ಅದಕ್ಕೆ ಕೈಮುಗಿಯುತ್ತಿದ್ದರು. ಮಾಸ್ತರರು ಹಿಂಬದಿಯ ಕಿರಿದಾದ ಕಿಂಡಿಯನ್ನು ತೋರಿಸಿ ಹೇಳಿದರು: "ಬೆಳಕು ನೆಟ್ಟಗ ಹೋಗ್ತದ್ರೀ ಶಾಸ್ತ್ರಿಗಳ. ಗೋಪುರದ ತುದಿಯಿಂದ ಬಂದದ್ದು ಕಿಂಡಿ ದಾಟಿ ಕೆಳಗ ಬೀಳ್ತದ, ಬುಡದಿಂದ ಬಂದದ್ದು ಮ್ಯಾಲ ಏರ್ತದ. ಇಷ್ಟ ನೋಡ್ರಿ ನಮ್ಮ ಉದ್ಯೋಗ. ಕ್ಯಾಮೆರಾ ಅಂದ್ರ ಇಂಥಾದ್ದ ಒಂದು ಕತ್ತಲಕೋಣಿ." ಅವರು ಓದಿದ್ದು ನಾಲ್ಕನೆಯ ಇಯತ್ತೆ. ಆದರೆ ಬೆಳಕಿನ ವಿಷಯದಲ್ಲಿ ನನಗೆ ದೊರೆತ ಮೊದಲ ಗುರು ಅವರೇ.

ಅವರಲ್ಲಿದ್ದುದು ಎರಡು ಕಣ್ಣಿನ ಯಾಷಿಕಾ ಕ್ಯಾಮೆರಾ. ಮೇಲಿನ ಮಸೂರ ನೋಡುವುದಕ್ಕೆ, ಕೆಳಗಿನದು ಚಿತ್ರ ಹಿಡಿಯುವುದಕ್ಕೆ. ಒಂದು ಸುರುಳಿ ಫಿಲಂ ಹಾಕಿದರೆ 12 ಚಿತ್ರ. ಹದಿಮೂರನೆಯದು ಬೇಕೆಂದರೆ ಇನ್ನೊಂದು ಸುರುಳಿ. ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲಂಸ್ ಕಾರ್ಖಾನೆಯ 'ಇಂದು' ಎಂಬ ಫಿಲಂ ನಮಗೆ ಹೊಸಪೇಟೆಯಿಂದ ಬರುತ್ತಿತ್ತು. ಆದ್ದರಿಂದ ಒಂದೊಂದು ಚಿತ್ರವನ್ನೂ ಯೋಚಿಸಿಯೇ ತೆಗೆಯಬೇಕಾಗಿತ್ತು.

ಆ ಕ್ಯಾಮೆರಾದ ವಿಶೇಷವೆಂದರೆ ಅದನ್ನು ಕಣ್ಣಿಗೆ ಹಿಡಿಯುವಂತಿರಲಿಲ್ಲ. ಹೊಟ್ಟೆಯ ಮಟ್ಟದಲ್ಲಿ ಹಿಡಿದು, ಮೇಲಿನ ಗಾಜಿನ ಪರದೆಯೊಳಗೆ ತಲೆಬಾಗಿ ನೋಡಬೇಕು. ಎದುರಿಗೆ ನಿಂತವರು ಜಮೀನ್ದಾರರಾಗಲಿ, ಜೀತದವರಾಗಲಿ, ಅವರ ಮುಂದೆ ತಲೆ ತಗ್ಗಿಸದೆ ಅವರ ಚಿತ್ರ ದೊರೆಯುತ್ತಿರಲಿಲ್ಲ. ಪರದೆಯ ಮೇಲೆ ಚಿತ್ರ ನೆಟ್ಟಗೆ ಕಂಡರೂ ಎಡ ಬಲಗಳು ಅದಲುಬದಲಾಗಿರುತ್ತಿದ್ದವು. ಹೊಸಬನಾದ ನಾನು ಅವರನ್ನು ಚೌಕಟ್ಟಿನ ನಡುವೆ ತರಲು ಹೋಗಿ ಪ್ರತಿ ಸಲವೂ ಹೊರಕ್ಕೆ ತಳ್ಳುತ್ತಿದ್ದೆ. ಕೈಗೆ ಆ ಲೆಕ್ಕ ಕೂಡಿಬರಲು ಒಂದು ತಿಂಗಳು ಬೇಕಾಯಿತು.

ವಿರೂಪಾಕ್ಷನ ಗುಡಿ, ಸಾಸಿವೆಕಾಳು ಗಣಪ, ಉಗ್ರನರಸಿಂಹ, ಅದರ ಪಕ್ಕದಲ್ಲೇ ನೀರಿನಲ್ಲಿ ನಿಂತ ಬಡವಿಲಿಂಗ, ಕಮಲಮಹಲು, ವಿಠ್ಠಲನ ಗುಡಿ, ಇವು ನಮ್ಮ ಸುತ್ತಾಟದ ಹಾದಿ. ಎಲ್ಲಕ್ಕಿಂತ ಹೆಚ್ಚು ಬೇಡಿಕೆ ವಿಠ್ಠಲನ ಗುಡಿಯ ಅಂಗಳದ ಕಲ್ಲಿನ ರಥಕ್ಕೆ. ಹಂಪೆಗೆ ಹೋಗಿ ಆ ರಥದ ಮುಂದೆ ನಿಂತ ಚಿತ್ರವಿಲ್ಲದಿದ್ದರೆ, ಹೋಗಿದ್ದೆವೆಂಬುದಕ್ಕೆ ಸಾಕ್ಷಿಯೇ ಇಲ್ಲವೆಂದು ಜನರ ಭಾವನೆ. ಪರದೇಶದ ಪ್ರವಾಸಿಗಳ ಕೊರಳಲ್ಲಿ ಅವರವರ ಕ್ಯಾಮೆರಾ ಇರುತ್ತಿದ್ದುದರಿಂದ ಅವರಿಗೆ ನಾವು ಬೇಕಿರಲಿಲ್ಲ. ನಮ್ಮವರು ಹೊಸದಾಗಿ ಮದುವೆಯಾದ ಜೋಡಿಗಳು, ಶಾಲೆಯ ಮಕ್ಕಳನ್ನು ಕರೆತಂದ ಮಾಸ್ತರರು, ಸುಗ್ಗಿ ಮುಗಿಸಿ ಚಕ್ಕಡಿಯಲ್ಲೋ ಲಾರಿಯಲ್ಲೋ ಬಂದ ರೈತರು.

ಬಂಡೆಗಲ್ಲಿನ ಆ ನೆಲದಲ್ಲಿ ಬಿಸಿಲು ಮೇಲಿನಿಂದ ಮಾತ್ರವಲ್ಲ, ಕೆಳಗಿನಿಂದಲೂ ಬರುತ್ತದೆ. ಹತ್ತು ಗಂಟೆ ದಾಟಿತೆಂದರೆ ಕಣ್ಣು ಬಿಡುವುದೇ ಕಷ್ಟ. ಅದಕ್ಕೆ ಮಾಸ್ತರರದೊಂದು ಉಪಾಯವಿತ್ತು. ನಿಂತವರಿಗೆ ಕಣ್ಣು ಮುಚ್ಚಲು ಹೇಳುವುದು. 'ಈಗ ತೆಗೀರಿ' ಎಂದಾಗ ಒಮ್ಮೆಗೇ ತೆರೆಯಬೇಕು. ಆ ಕ್ಷಣಕ್ಕೆ ಗುಂಡಿ ಒತ್ತುವುದು. ಹಾಗೆ ಕಣ್ಣು ಮುಚ್ಚಿ ನಿಂತ ಮುಖಗಳನ್ನು ನಾನು ಎಷ್ಟು ನೋಡಿದೆನೋ! ಅದು ಧ್ಯಾನಕ್ಕೆ ಕುಳಿತವರ ಮುಖದಂತಿರುತ್ತಿತ್ತು. ಚಿಂತೆಗಳೆಲ್ಲ ಒಂದು ಗಳಿಗೆ ಮುಖ ಬಿಟ್ಟು ಇಳಿದುಹೋಗುತ್ತಿದ್ದವು.

ಚಿತ್ರಕ್ಕೆ ನಿಲ್ಲುವ ಮುನ್ನ ಒಬ್ಬೊಬ್ಬರು ಒಂದೊಂದನ್ನು ಸರಿಪಡಿಸಿಕೊಳ್ಳುತ್ತಿದ್ದರು. ಹೆಣ್ಣುಮಕ್ಕಳು ತಲೆಯ ಮೇಲಿನ ಸೆರಗನ್ನು, ಗಂಡಸರು ರುಮಾಲನ್ನು. ನಮ್ಮ ಹಿರಿಯರು ಅಂಗಿಯೊಳಗಿನ ಬೆಳ್ಳಿಯ ಕರಡಿಗೆಯನ್ನು ಹೊರಗೆ ತೆಗೆದು ಎದೆಯ ನಡುವೆ ನಿಲ್ಲಿಸಿಕೊಳ್ಳುತ್ತಿದ್ದರು. ಯಂತ್ರ ಕಬ್ಬಿಣದ್ದೆಂದು ಹೊಡೆತದಲ್ಲಿ ಬೆರಳು ಕಳೆದುಕೊಂಡಿದ್ದ ಒಬ್ಬ ಗಾಣದವನು ಆ ಕೈಯನ್ನು ಮಡದಿಯ ಬೆನ್ನ ಹಿಂದೆ ಇಟ್ಟುಕೊಂಡುದನ್ನು ಕಂಡಿದ್ದೇನೆ. ತಮ್ಮ ನಂತರದವರು ತಮ್ಮನ್ನು ಹೇಗೆ ನೆನೆಯಬೇಕೆಂಬುದನ್ನು ಅವರು ಆ ಒಂದು ನಿಮಿಷದಲ್ಲಿ ತೀರ್ಮಾನಿಸುತ್ತಿದ್ದರು. ಮಠದಲ್ಲಿ ಹನ್ನೆರಡು ವರ್ಷ ಓದಿದ್ದರೂ ಮನುಷ್ಯರ ಮುಖವನ್ನು ಓದಲು ನಾನು ಕಲಿತದ್ದು ಅಲ್ಲಿ.

ತೆಗೆದ ಚಿತ್ರವನ್ನು ಆ ಕೂಡಲೇ ಕೊಡುವ ವಿದ್ಯೆ ನಮ್ಮಲ್ಲಿರಲಿಲ್ಲ. ಅಂಗಡಿಯ ಹಿಂಬದಿಯಲ್ಲಿ ಕರಿಯ ಕಂಬಳಿ ಕಟ್ಟಿ ಮಾಡಿದ್ದ ಕತ್ತಲಕೋಣೆಯಲ್ಲಿ ರಾತ್ರಿ ಫಿಲಂ ತೊಳೆಯುವುದು. ಅದಕ್ಕೆ ಪೂರ್ತಿ ಕತ್ತಲೆ ಬೇಕು. ಕಾಗದದ ಮೇಲೆ ಪ್ರತಿ ತೆಗೆಯುವಾಗ ಮಾತ್ರ ಕೆಂಪು ದೀಪವಿಡಬಹುದು. ಡೆವಲಪರ್ ದ್ರಾವಣ ತಣ್ಣಗಿರಬೇಕು. ಬೇಸಿಗೆಯ ಹಂಪೆಯಲ್ಲಿ ತಣ್ಣಗಿರುವುದೇನಿದೆ? ಮಣ್ಣಿನ ಹರವಿಯ ನೀರಿನಲ್ಲಿ ತಟ್ಟೆಗಳನ್ನು ಇಟ್ಟು ತಂಪು ಮಾಡಿಕೊಳ್ಳುತ್ತಿದ್ದೆವು. ಇಲ್ಲವಾದರೆ ಫಿಲಮಿನ ಮೇಲಿನ ಲೇಪ ಮೆತ್ತಗಾಗಿ ಚಿತ್ರವೇ ಕದಡಿಹೋಗುತ್ತಿತ್ತು. ಹೊಳೆಯ ನೀರನ್ನು ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಹೈಪೋ ಎಂಬ ದ್ರಾವಣದಲ್ಲಿ ಚಿತ್ರವನ್ನು ಗಟ್ಟಿಗೊಳಿಸಿದ ಮೇಲೆ ಮತ್ತೆ ಮತ್ತೆ ನೀರಿನಲ್ಲಿ ತೊಳೆಯಬೇಕು. ಅವಸರಪಟ್ಟು ಕಡಿಮೆ ತೊಳೆದರೆ ಅಂದಿಗೆ ಏನೂ ಕಾಣುವುದಿಲ್ಲ. ಕೆಲವು ವರ್ಷಗಳ ಮೇಲೆ ಚಿತ್ರ ಹಳದಿಯಾಗಿ ಮಾಸುತ್ತದೆ. "ಗಿರಾಕಿ ಮತ್ತ ಬಂದು ಕೇಳೂದಿಲ್ಲ, ಖರೆ. ಆದ್ರ ಚಿತ್ರ ಕೇಳ್ತದ" ಎನ್ನುತ್ತಿದ್ದರು ಮಾಸ್ತರರು.

ಪ್ರತಿಗಳನ್ನು ಅಂಚೆಯಲ್ಲಿ ಕಳುಹಿಸುತ್ತಿದ್ದೆವು. ಹಣವನ್ನು ಮೊದಲೇ ಪಡೆದುಕೊಂಡು, ವಿಳಾಸವನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದು ಪದ್ಧತಿ. ಯೋಚಿಸಿ ನೋಡಿರಿ: ಗುರುತು ಪರಿಚಯವಿಲ್ಲದ ಒಬ್ಬ ಹುಡುಗನ ಕೈಗೆ ಎರಡು ಪ್ರತಿಯ ಬಾಬ್ತು ಎಂಟು ರೂಪಾಯಿ ಕೊಟ್ಟು, ರಸೀದಿಯೂ ಇಲ್ಲದೆ, ನೂರಾರು ಮೈಲಿ ದೂರದ ಊರಿಗೆ ಹೋಗಿ ಅಂಚೆಯವನ ಹಾದಿ ಕಾಯುತ್ತಿದ್ದರು ಆ ಜನ. ಕೂಲಿಯವರಿಗೆ ಅದು ಒಂದು ದಿನದ ದುಡಿಮೆಗಿಂತ ಹೆಚ್ಚು. ಅವರ ನಂಬಿಕೆ ನಿಂತಿದ್ದುದು ನನ್ನ ಕೈಯ ಆ ಪುಸ್ತಕದ ಮೇಲೆ. ಪಿನ್ ಸಂಖ್ಯೆ 1972ರಲ್ಲಿಯೇ ಬಂದಿದ್ದರೂ ಹಳ್ಳಿಯವರಿಗೆ ಅದು ತಿಳಿದಿರಲಿಲ್ಲ. ಆದುದರಿಂದ ಹೆಸರು, ಊರು, ಅಂಚೆ, ತಾಲ್ಲೂಕು, ಜಿಲ್ಲೆ ಎಂಬ ಐದನ್ನೂ ಕೇಳಿ ಬರೆಯಲೇಬೇಕೆಂಬುದು ಮಾಸ್ತರರ ಕಟ್ಟಪ್ಪಣೆ.

1982ರ ಡಿಸೆಂಬರ್. ಫಲಪೂಜೆಯ ಉತ್ಸವ. ವಿರೂಪಾಕ್ಷನಿಗೂ ಪಂಪಾಂಬಿಕೆಗೂ ನಿಶ್ಚಿತಾರ್ಥವೆಂದು ನಡೆಯುವ ಆ ಉತ್ಸವಕ್ಕೆ ಜನಸಾಗರ. ಮಾಸ್ತರರು ರಥಬೀದಿಯಲ್ಲಿ ನಿಂತು, ನನ್ನನ್ನು ಇನ್ನೊಂದು ಕ್ಯಾಮೆರಾದೊಡನೆ ವಿಠ್ಠಲನ ಗುಡಿಗೆ ಕಳುಹಿಸಿದ್ದರು. ಅಂದು ನಾನು ಒಬ್ಬನೇ ಛಾಯಾಗ್ರಾಹಕ, ಒಬ್ಬನೇ ಗುಮಾಸ್ತ.

ಆ ದಂಪತಿಗಳು ಬಂದದ್ದು ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು. ಅಜ್ಜನಿಗೆ ಎಪ್ಪತ್ತರ ಹತ್ತಿರ. ಅಜ್ಜಿಗೆ ಒಂದೈದು ವರ್ಷ ಕಡಿಮೆ. ಅಜ್ಜಿ ನನ್ನ ಹಣೆಯ ವಿಭೂತಿಯನ್ನು ನೋಡಿ ಹತ್ತಿರ ಬಂದು ಕೇಳಿದರು:

"ಯಪ್ಪಾ, ಇದು ನಮ್ಮನ್ನ ಹೆಂಗದೀವೋ ಹಂಗ ತೋರಸ್ತದೇನು?"

"ಹಂಗ ತೋರಸ್ತದ ಯವ್ವಾ."

"ಹಂಗಾರ ಒಂದು ತಗಿ. ಮಗ ಮಿಲ್ಟ್ರಿಯಾಗ ಅದಾನ. ಅವ ರಜಾದ ಮ್ಯಾಲ ಬರೂದ್ರಾಗ ನಾವು ಇರ್ತೀವೋ ಇಲ್ಲೋ. ಒಂದು ಅವಗ, ಒಂದು ಮನಿಗೆ."

ಅಜ್ಜ ಕರಡಿಗೆಯನ್ನು ಹೊರಗಿಟ್ಟುಕೊಂಡರು. ಅಜ್ಜಿ ಅವರ ರುಮಾಲಿನ ಅಂಚನ್ನು ತಿದ್ದಿದರು. ಕಣ್ಣು ಮುಚ್ಚಿಸಿ, ತೆರೆಸಿ, ಚಿತ್ರ ತೆಗೆದೆ. ಇಬ್ಬರೂ ಬದುಕಿನಲ್ಲಿ ಮೊದಲ ಸಲ ಕ್ಯಾಮೆರಾದ ಮುಂದೆ ನಿಂತವರು. ಅಜ್ಜಿ ಸೆರಗಿನ ಗಂಟು ಬಿಚ್ಚಿ ಎಂಟು ರೂಪಾಯಿ ಎಣಿಸಿ ಕೊಟ್ಟರು. ಕೊನೆಯ ಒಂದು ರೂಪಾಯಿ ಚಿಲ್ಲರೆಯಲ್ಲಿತ್ತು.

ನಾನು ಪುಸ್ತಕ ತೆರೆದೆ. ಅಜ್ಜನ ಹೆಸರು ಕೇಳಿದೆ. ಬಸವಣ್ಣನವರ ಹೆಸರನ್ನು ಹೊತ್ತ, ನಮ್ಮ ಸೀಮೆಯಲ್ಲಿ ಮನೆಗೊಬ್ಬರಿಗಿರುವ ಹೆಸರು. ಊರು? "ಹೊಸಹಳ್ಳಿ." ಅಷ್ಟರಲ್ಲಿ ಆಚೆಯಿಂದ ಮದುವೆಯ ತಂಡವೊಂದು ಕೂಗಿ ಕರೆಯಿತು. ಹದಿನೈದು ಜನ, ಆರು ಚಿತ್ರ. ಮೋಡ ಬಂದರೆ ಬೆಳಕು ಹೋದೀತೆಂಬ ಆತುರ ಅವರಿಗೆ, ಅವರು ಬೇರೆಯವನ ಬಳಿ ಹೋದಾರೆಂಬ ಆತುರ ನನಗೆ. ತಾಲ್ಲೂಕನ್ನು ಆಮೇಲೆ ಕೇಳಿಕೊಂಡರಾಯಿತು, ಇವರು ಹೊರಹೋಗುವ ದಾರಿ ಇದೇ ಅಲ್ಲವೇ ಎಂದುಕೊಂಡು ಪುಸ್ತಕ ಮುಚ್ಚಿದೆ.

ಅವರು ಆ ದಾರಿಯಲ್ಲಿ ಮರಳಲಿಲ್ಲ. ತಳವಾರಘಟ್ಟಕ್ಕೆ ಇಳಿದು, ಹರಿಗೋಲಿನಲ್ಲಿ ಹೊಳೆ ದಾಟಿ ಆನೆಗೊಂದಿಯ ಕಡೆಗೆ ಹೋಗಿಬಿಟ್ಟಿದ್ದರು. ಸಂಜೆ ನಾನು ಓಡಿಹೋಗಿ ವಿಚಾರಿಸಿದಾಗ ಹರಿಗೋಲಿನವನು, "ಇವತ್ತು ದಾಟಿಸಿದ ಮುದುಕ ಮುದುಕೇರು ನೂರು ಮಂದಿ ಅದಾರ. ಯಾರಂತ ಹೇಳ್ಲಿ?" ಎಂದ.

ಕರ್ನಾಟಕದಲ್ಲಿ ಹೊಸಹಳ್ಳಿಗಳು ಎಷ್ಟೆಂದು ಓದುಗರು ಬಲ್ಲರು. ಹಳೆಯದಾದರೂ ಹೊಸಹಳ್ಳಿಯೇ. ಕೂಡ್ಲಿಗಿಯ ಕಡೆ ಕಾನಾಹೊಸಹಳ್ಳಿ ಇದೆ. ಶಿವಮೊಗ್ಗದ ಬಳಿ ತುಂಗೆಯ ದಡದಲ್ಲಿ ಮತ್ತೂರಿನ ಎದುರಿಗೊಂದು ಹೊಸಹಳ್ಳಿ ಇದೆ. ಜಿಲ್ಲೆ ಜಿಲ್ಲೆಗೂ ಇವೆ. ರಾತ್ರಿ ಪುಸ್ತಕವನ್ನು ನೋಡಿದ ಮಾಸ್ತರರು ಬೈಯಲಿಲ್ಲ. ಬೈದಿದ್ದರೆ ನನ್ನ ಮನಸ್ಸು ಹಗುರವಾಗುತ್ತಿತ್ತು. "ದುಡ್ಡು ತಗೊಂಡ ಮ್ಯಾಲ ಆ ಚಿತ್ರ ನಮ್ಮದಲ್ರೀ ಶಾಸ್ತ್ರಿಗಳ, ಅವರದು. ಅವರ ಮುಖ ನಾವು ಇಟಗೊಂಡು ಕುಂತಂಗಾತು" ಎಂದಷ್ಟೇ ಹೇಳಿ, ಎರಡು ಪ್ರತಿಗಳನ್ನು ಎಂದಿಗಿಂತ ಹೆಚ್ಚು ಹೊತ್ತು ತೊಳೆದು ಒಣಗಿಸಿ ನನ್ನ ಕೈಗಿತ್ತರು.

ಕಾನಾಹೊಸಹಳ್ಳಿಗೆ ಖುದ್ದಾಗಿ ಹೋದೆ. ಅಲ್ಲಿನವರಲ್ಲ. ಗೊತ್ತಿದ್ದ ಇತರ ಹೊಸಹಳ್ಳಿಗಳ ಅಂಚೆ ಕಚೇರಿಗಳಿಗೆ ಕಾರ್ಡು ಬರೆದೆ. ಕೆಲವರು ಸೌಜನ್ಯದಿಂದ ಉತ್ತರಿಸಿದರು: ಆ ಹೆಸರಿನ ಹಿರಿಯರು ಇಲ್ಲಿ ಐವರಿದ್ದಾರೆ, ಯಾರ ಮಗನೂ ಸೈನ್ಯದಲ್ಲಿಲ್ಲ, ನಮ್ಮಲ್ಲಿ ಸೈನ್ಯಕ್ಕೆ ಹೋದವರಿದ್ದಾರೆ, ಆದರೆ ತಂದೆ ತೀರಿ ಬಹಳ ವರ್ಷಗಳಾದವು, ಹೀಗೆ. 1983ರಲ್ಲಿ ನನಗೆ ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತನ ಕೆಲಸ ದೊರೆತು ಹಂಪೆ ಬಿಟ್ಟೆ. ಚಿತ್ರಗಳು ನನ್ನೊಡನೆ ಬಂದವು. ವರ್ಗವಾದ ಊರುಗಳಲ್ಲೆಲ್ಲ ಸಮೀಪದಲ್ಲಿ ಹೊಸಹಳ್ಳಿಯೊಂದಿದ್ದರೆ ಒಮ್ಮೆ ಹೋಗಿ, ಕಟ್ಟೆಯ ಮೇಲೆ ಕುಳಿತ ಹಿರಿಯರಿಗೆ ತೋರಿಸಿ ಬರುವುದು ರೂಢಿಯಾಯಿತು. ಒಂದೂರಿನಲ್ಲಿ ಒಬ್ಬ ಅಜ್ಜಿ ಚಿತ್ರವನ್ನು ಬಹಳ ಹೊತ್ತು ದಿಟ್ಟಿಸಿದರು. ನನ್ನ ಉಸಿರು ನಿಂತಂತಾಯಿತು. ಕೊನೆಗೆ ಅವರು, "ನಮ್ಮವರಲ್ಲ. ಆದ್ರ ನಮ್ಮವ್ವನೂ ಹಿಂಗ ಸೆರಗು ಹೊದೀತಿದ್ಲು. ಆಕೀದೊಂದು ಫೋಟ ಇಲ್ಲ" ಎಂದು ಕಣ್ಣೊರೆಸಿಕೊಂಡರು.

ವರ್ಷಗಳು ಕಳೆದವು. 1986ರಲ್ಲಿ ಹಂಪೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 2011ರಲ್ಲಿ ರಥಬೀದಿಯ ಸಾಲುಮಂಟಪಗಳನ್ನು ತೆರವುಗೊಳಿಸಲಾಯಿತು. ಅಲ್ಲಿದ್ದವರಿಗೆ ಕಡ್ಡಿರಾಂಪುರದ ಬಳಿ ನೆಲೆ ತೋರಿಸಿದರು. ಮಾಸ್ತರರು ಅದನ್ನು ನೋಡಲು ಉಳಿದಿರಲಿಲ್ಲ. ತೆರವಿನ ನಂತರ ಒಮ್ಮೆ ಹೋಗಿ ನಮ್ಮ ಅಂಗಡಿಯಿದ್ದ ಎರಡು ಕಂಬಗಳ ನಡುವೆ ನಿಂತೆ. ಸ್ಮಾರಕಗಳು ಉಳಿಯಬೇಕು, ಒಪ್ಪುತ್ತೇನೆ. ಆದರೆ ಆ ಕಂಬಕ್ಕೆ ಒರಗಿ ನಗುತ್ತಿದ್ದ ಮನುಷ್ಯನ ಒಂದು ಚಿತ್ರವೂ ನನ್ನಲ್ಲಿರಲಿಲ್ಲ. ಸಾವಿರಾರು ಜನರ ಚಿತ್ರ ತೆಗೆದವರ ಚಿತ್ರವನ್ನು ತೆಗೆಯಬೇಕೆಂದು ನಮಗೆ ಯಾರಿಗೂ ತೋಚಿರಲಿಲ್ಲ.

ಮುಂದೆ ಗ್ರಂಥಾಲಯವೊಂದರಲ್ಲಿ ಹಂಪೆಯ ಹಳೆಯ ಛಾಯಾಚಿತ್ರಗಳ ಪುಸ್ತಕ ಕಣ್ಣಿಗೆ ಬಿತ್ತು. ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬಾತ 1856ರಲ್ಲಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ತೆಗೆದ ಚಿತ್ರಗಳವು. 1983ರಲ್ಲಿ ಜಾನ್ ಗೋಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕರು ಅವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಗ್ರೀನ್‌ಲಾನ ಚಿತ್ರದಲ್ಲಿ ಕಲ್ಲಿನ ರಥವನ್ನು ನೋಡಿ ನಾನು ಬೆರಗಾದೆ. ರಥದ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರವಿತ್ತು! ನಾವು ಕಂಡದ್ದು ಬೋಳು ನೆತ್ತಿಯ ರಥ. ಇಂದಿನ 50 ರೂಪಾಯಿಯ ನೋಟಿನ ಹಿಂಬದಿಯಲ್ಲಿ ಅಚ್ಚಾಗಿರುವುದೂ ಅದೇ. ಆ ಗೋಪುರ ಆಮೇಲಿನ ಕಾಲದಲ್ಲಿ ಹೋಗಿಬಿಟ್ಟಿತು. ಅಂಥ ಹಳೆಯ ಚಿತ್ರಗಳು ಉಳಿಯದಿದ್ದರೆ ಅದರ ಅಂದಿನ ರೂಪ ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ. ಕಲ್ಲಿನ ರಥಕ್ಕೇ ಈ ಗತಿಯಾದರೆ, ಅದರ ಮುಂದೆ ಒಂದು ನಿಮಿಷ ನಿಂತುಹೋದ ಅಜ್ಜ ಅಜ್ಜಿಯರ ಮಾತೇನು?

2020ರಲ್ಲಿ ನಿವೃತ್ತನಾಗಿ ನಾಗಸಂದ್ರದ ಮಗನ ಮನೆಗೆ ಬಂದೆ. ಅವನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. 2015ರ ಮೇ ತಿಂಗಳಲ್ಲಿ ಇಲ್ಲಿಗೆ ಮೆಟ್ರೋ ಬಂದಿತು. 2024ರ ನವೆಂಬರ್‌ವರೆಗೆ ಆ ಮಾರ್ಗದ ಕೊನೆಯ ನಿಲ್ದಾಣ ಇದೇ. ಆಮೇಲೆ ಅದು ಮಾದಾವರಕ್ಕೆ ಬೆಳೆಯಿತು. ನಮ್ಮ ಬೀದಿಯ ಸುತ್ತಮುತ್ತ ಬಾಡಿಗೆಯ ಕೋಣೆಗಳ ಸಾಲು. ರಾಯಚೂರು, ಯಾದಗಿರಿ, ಕಲಬುರಗಿಗಳಿಂದ, ಒಡಿಶಾ, ಬಿಹಾರಗಳಿಂದ ಬಂದ ತರುಣರು ಅಲ್ಲಿ ನಾಲ್ಕೈದು ಮಂದಿಯಾಗಿ ವಾಸಿಸುತ್ತಾರೆ. ಎಲ್ಲರ ಕೈಯಲ್ಲೂ ಮೊಬೈಲು. ದಿನಕ್ಕೆ ಹತ್ತು ಚಿತ್ರ. ಯಾತ್ರಿಕರ ಫೋಟೋ ತೆಗೆಯುವವನ ಕಾಲ ಮುಗಿಯಿತೆಂದೇ ನಾನು ತಿಳಿದಿದ್ದೆ.

ಒಂದು ರಾತ್ರಿ ಹಿಂದಿನ ಕೋಣೆಯಿಂದ ಅಳುವ ದನಿ ಕೇಳಿತು. ರಾಯಚೂರಿನ ಕಡೆಯ ಹುಡುಗ, ಲೇತ್ ಯಂತ್ರದ ಮೇಲೆ ದುಡಿಯುವವನು. ಊರಿನಲ್ಲಿ ತಾಯಿ ತೀರಿಕೊಂಡಿದ್ದರು. ಸಂಸ್ಕಾರ ಮುಗಿಸಿ ಬಂದಿದ್ದ. ಶಿವಗಣಾರಾಧನೆಗೆ ಮತ್ತೆ ಹೋಗಬೇಕು. ಅಂದು ಇಡಲು ತಾಯಿಯ ಭಾವಚಿತ್ರ ಬೇಕು. "ನನ್ನ ಹಳೇ ಮೊಬೈಲಿನ್ಯಾಗ ಅವ್ವನ ಫೋಟೋ ಭಾಳ ಇದ್ವು ಅಜ್ಜಾರ. ಅದು ನೀರಾಗ ಬಿದ್ದು ಕೆಟ್ಟೋತು. ಒಂದೂ ಉಳದಿಲ್ಲ" ಎಂದ. ಕೊನೆಗೆ ಆಧಾರ್ ಕಾರ್ಡಿನಲ್ಲಿದ್ದ ಉಗುರಿನಷ್ಟು ಚಿತ್ರವನ್ನೇ ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಿದರು. ಕಣ್ಣು ಮೂಗುಗಳು ಮಸುಕಾಗಿ ಕರಗಿಹೋಗಿದ್ದವು. ಆ ಹುಡುಗ ಅದನ್ನು ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡು ಬಸ್ಸಿಗೆ ಹೊರಟುದನ್ನು ನೋಡಿ ಅಂದು ನನಗೆ ನಿದ್ರೆ ಬರಲಿಲ್ಲ. ಹಂಪೆಯ ಅಜ್ಜಿ ಒಂದು ಪ್ರತಿ ಮಗನಿಗೆ, ಒಂದು ಮನೆಗೆ ಎಂದಿದ್ದರು. ಆ ಮನೆಯಲ್ಲಿ ಅವರ ಪೂಜೆಯ ದಿನ ಯಾವ ಚಿತ್ರವನ್ನಿಟ್ಟರೋ! ಸೈನ್ಯದಿಂದ ಬಂದ ಮಗ ಯಾವ ಗೋಡೆಯನ್ನು ನೋಡಿದನೋ!

ಮರುವಾರದಿಂದ ನಾನೊಂದು ಕೆಲಸ ಹಿಡಿದೆ. ಭಾನುವಾರ ಬೆಳಿಗ್ಗೆ ಕೋಣೆಗಳ ಸಾಲಿಗೆ ಹೋಗುತ್ತೇನೆ. ಊರಿನಿಂದ ತಂದೆ ತಾಯಿ, ಹೆಂಡತಿ ಮಕ್ಕಳು ಬಂದಿದ್ದರೆ ಅವರ ಚಿತ್ರ ತೆಗೆಯುತ್ತೇನೆ. ಮಗ ಕೊಡಿಸಿದ ಸಣ್ಣ ಕ್ಯಾಮೆರಾ ಇದೆ. ಅದಕ್ಕೆ ತಲೆ ತಗ್ಗಿಸಬೇಕಿಲ್ಲ, ಆದರೂ ಅಭ್ಯಾಸಬಲದಿಂದ ಒಮ್ಮೆ ತಗ್ಗಿಸುತ್ತೇನೆ. ಬಿಸಿಲಿದ್ದರೆ ಕಣ್ಣು ಮುಚ್ಚಿಸಿ ತೆರೆಸುತ್ತೇನೆ. ಸ್ಟುಡಿಯೋದಲ್ಲಿ ಪ್ರತಿ ಮಾಡಿಸಿ, ಇಲ್ಲಿರುವವರಿಗೆ ಕೈಯಾರೆ ಕೊಡುತ್ತೇನೆ. ಊರಿಗೆ ಮರಳಿದವರಿಗೆ ಅಂಚೆಯಲ್ಲಿ ಕಳುಹಿಸುತ್ತೇನೆ. ಪ್ರತಿಯ ಖರ್ಚನ್ನು ಮಾತ್ರ ಪಡೆಯುತ್ತೇನೆ. ಬಿಟ್ಟಿ ಕೊಟ್ಟರೆ ಅವರಿಗೆ ಸಂಕೋಚವಾಗುತ್ತದೆ. ನನಗೂ ಇದು ದಾನವಲ್ಲ, ತೀರಿಸುವಿಕೆ.

ಒಂದು ನಿಯಮವನ್ನು ಮಾತ್ರ ಬಿಟ್ಟಿಲ್ಲ. ಮೊದಲು ಪುಸ್ತಕ, ಆಮೇಲೆ ಕ್ಯಾಮೆರಾ. ಹೆಸರು, ಊರು, ಅಂಚೆ, ತಾಲ್ಲೂಕು, ಜಿಲ್ಲೆ, ಪಿನ್, ಈ ಆರೂ ಬರೆದಾಗದೆ ಯಾರನ್ನೂ ನಿಲ್ಲಿಸುವುದಿಲ್ಲ. "ಫೋಟೋ ತೆಗೆಯೋಕೆ ಇಷ್ಟೆಲ್ಲ ಯಾಕೆ ತಾತ, ವಾಟ್ಸಾಪ್ ಮಾಡಿದ್ರೆ ಆಯ್ತಲ್ಲ?" ಎಂದು ಮೊಮ್ಮಗಳು ನಗುತ್ತಾಳೆ. ನಗಲಿ. ಚಿತ್ರ ತೆಗೆಯುವವನ ಕಾಯಕ ಗುಂಡಿ ಒತ್ತಿದಾಗ ಮುಗಿಯುವುದಿಲ್ಲ. ಆ ಮುಖ ಅದರ ಒಡೆಯರ ಮನೆಯನ್ನು ಸೇರಿದಾಗ ಮುಗಿಯುತ್ತದೆ. ಪೂಜ್ಯರು ಹೇಳಿದ ಮಾತಿನ ಎರಡನೆಯ ಅರ್ಧ ಇದೇ ಎಂದು ಈಗ ತಿಳಿದಿದೆ.

ಓದುಗರಲ್ಲಿ ಎರಡು ಬಿನ್ನಹಗಳಿವೆ. ಮೊದಲನೆಯದು: ನಿಮ್ಮ ಮನೆಯ ಹಿರಿಯರ ಒಂದೊಂದಾದರೂ ಒಳ್ಳೆಯ ಚಿತ್ರವನ್ನು ಮೊಬೈಲಿನಲ್ಲಿ ಬಿಡದೆ ಕಾಗದಕ್ಕೆ ಇಳಿಸಿಡಿರಿ. ಅದರ ಹಿಂಬದಿಯಲ್ಲಿ ಶಾಯಿಯಿಂದಲ್ಲ, ಶಾಯಿ ಮುಂಬದಿಗೆ ಇಳಿದೀತು, ಮೆತ್ತನೆಯ ಪೆನ್ಸಿಲಿನಿಂದ ಹಗುರವಾಗಿ ಅವರ ಹೆಸರು, ಊರು, ಇಸವಿಗಳನ್ನು ಬರೆಯಿರಿ. ಎರಡು ತಲೆಮಾರು ಕಳೆದರೆ ಹೆಸರಿಲ್ಲದ ಚಿತ್ರ ಅಪರಿಚಿತರದೇ ಆಗುತ್ತದೆ.

ಎರಡನೆಯದು ನನ್ನ ಸ್ವಾರ್ಥದ್ದು. ನಿಮ್ಮ ಊರು ಹೊಸಹಳ್ಳಿಯಾಗಿದ್ದು, 1982ರ ಫಲಪೂಜೆಗೆ ಹಂಪೆಗೆ ಹೋಗಿ, ತಳವಾರಘಟ್ಟದಲ್ಲಿ ಹೊಳೆ ದಾಟಿ ಬಂದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಅವರ ಮಗ ಆಗ ಸೈನ್ಯದಲ್ಲಿದ್ದರೆ, ದಯವಿಟ್ಟು ಈ ಪತ್ರಿಕೆಯ ಸಂಪಾದಕರಿಗೆ ಒಂದು ಸಾಲು ಬರೆಯಿರಿ. ಚಿತ್ರದಲ್ಲಿ ಅಜ್ಜನ ಕರಡಿಗೆ ಎದೆಯ ನಡುವೆ ಇದೆ. ಅಜ್ಜಿಯ ಬಲಗೈ ಆಗತಾನೆ ರುಮಾಲು ತಿದ್ದಿ ಕೆಳಗಿಳಿಯುತ್ತಿದೆ. ಮಾಸ್ತರರು ಚೆನ್ನಾಗಿ ತೊಳೆದಿದ್ದರಿಂದ ನಲವತ್ತು ವರ್ಷ ದಾಟಿದರೂ ಹಳದಿಯಾಗಿಲ್ಲ. ಎರಡೂ ಪ್ರತಿಗಳು ಲಕೋಟೆಯಲ್ಲಿ ಸಿದ್ಧವಾಗಿವೆ. ವಿಳಾಸದ ಜಾಗವೊಂದೇ ಖಾಲಿ ಇದೆ.